ಕೇರಿಯ ಆರು ಕೊಡ

ಚೌಡವ್ವ ಹೊಸ್ತಿಲಿನಿಂದ ಮಾರು ದೂರದಲ್ಲೇ ನಿಂತು ಕೂಗಿದಳು: "ರಹಿಮಾಬೀ! ನನ್ನ ಗಂಡನ್ನ ಗಲ್ಲಿಗೆ ಹಾಕ್ತಾರಬೇ!"

ಹೆರಿಗೆಯ ಬಟ್ಟೆ ಮಡಚುತ್ತಿದ್ದ ಅನ್ನವ್ವ ಕೈ ನಿಲ್ಲಿಸಿದಳು. ಹತ್ತೊಂಬತ್ತುನೂರ ಮೂವತ್ತೆಂಟರ ಆ ಬೇಸಿಗೆಯಲ್ಲಿ ಅಕ್ಕಿಆಲೂರಿನ ಕೆರೆ ತಳ ಕಂಡಿತ್ತು. ನೀರು ಉಳಿದದ್ದು ಕರಿಬಸಪ್ಪನ ಬಾವಿಯೊಂದರಲ್ಲೇ. ಆ ಕರಿಬಸಪ್ಪ ಇಂದು ಮುಂಜಾನೆ ಅದೇ ಬಾವಿಯ ಕಟ್ಟೆಯ ಮೇಲೆ ತಲೆಯೊಡೆದು ಸತ್ತುಬಿದ್ದಿದ್ದ. ಗಡಗಡೆಯ ಹಗ್ಗಕ್ಕೆ ಚೌಡವ್ವನ ಮನೆಯ ಮಣ್ಣಿನ ಕೊಡ ಕಟ್ಟಿತ್ತು. ಚೌಡವ್ವನ ಗಂಡ ಉಡಚಪ್ಪ ಕದ್ದು ನೀರು ಸೇದಲು ಬಂದ, ಮುದುಕ ತಡೆದ, ಇವನು ಕೊಂದ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

"ನಡಿ ಅನ್ನವ್ವಾ," ಎಂದು ರಹಿಮಾಬಿ ಎದ್ದಳು.

ರಹಿಮಾಬಿ ಸೂಲಗಿತ್ತಿ. ಊರಿನ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು. ಮೂಗುತಿ ಕಳೆದರೂ, ಹೆಣ ಬಿದ್ದರೂ ಜನ ಬರುತ್ತಿದ್ದುದು ಆಕೆಯ ಬಾಗಿಲಿಗೆ. ಹಾನಗಲ್ಲಿನ ಪೊಲೀಸ್ ಫೌಜದಾರ ಎರಡು ಸಲ ಆಕೆಯ ಮಾತನ್ನು ತಳ್ಳಿಹಾಕಿ ಎರಡು ಸಲವೂ ಮುಖಭಂಗ ಅನುಭವಿಸಿದ್ದ. ಚೀಲ ಹೊತ್ತು ಹಿಂದೆ ನಡೆಯುವವಳು ವಿಧವೆ ಅನ್ನವ್ವ.

ಬಾವಿಯ ಹತ್ತಿರ ಉಡಚಪ್ಪನ ಕೈಗೆ ಆಗಲೇ ಬೇಡಿ ಬಿದ್ದಿತ್ತು. ಆತ ಅಳುತ್ತಿರಲಿಲ್ಲ. ಅತ್ತು ಸಾಕಾದವನ ಹಾಗೆ ನೆಲ ನೋಡುತ್ತಿದ್ದ.

ರಹಿಮಾಬಿ ಹೆಣದ ತಲೆ ಹೊರಳಿಸಿ ನೋಡಿದಳು. ಗಾಯ ಹಿಂಬದಿಗಿತ್ತು. ಹಗ್ಗದ ಕೊಡದೊಳಗೆ ಕೈಯಾಡಿಸಿದಳು, ಒಣಗಿತ್ತು. ಕಟ್ಟೆಯಾಚೆ ನೆಲದ ಮೇಲೆ ಕೇರಿಯ ಇನ್ನೈದು ಕೊಡ ಸಾಲಾಗಿದ್ದವು. ಬಗ್ಗಿ ಒಂದೊಂದಕ್ಕೂ ಕೈ ಹಾಕಿದಳು. ಆ ಕೊಡಗಳನ್ನು ಅನ್ನವ್ವ ದಿನವೂ ದಾಟಿ ಹೋಗುತ್ತಿದ್ದಳು. ಅವು ಎಷ್ಟೆಂದು ಎಣಿಸಿದ್ದು ಇವತ್ತೇ.

"ಮುದುಕ ನೀರು ಸೇದೂ ತಾಮ್ರದ ಕೊಡ ಎಲ್ಲೈತ್ರಿ?" ಎಂದಳು ರಹಿಮಾಬಿ.

"ಇವನ ಕದ್ದಿರಬೇಕು!" ಎಂದ ಪರಮೇಶಪ್ಪ. ಆತ ಕರಿಬಸಪ್ಪನ ತಮ್ಮನ ಮಗ. ಶಿಗ್ಗಾಂವದಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದವನು ನಿನ್ನೆ ಸಂಜೆ ಬಂದಿದ್ದ. ಮಕ್ಕಳಿಲ್ಲದ ಕಾಕಾನ ಆಸ್ತಿಗೆಲ್ಲ ಇವನೇ ವಾರಸುದಾರ.

ರಹಿಮಾಬಿ ಹೆರಿಗೆಯಾದರೂ ಸಾವಾದರೂ ಮೊದಲು ಕೇಳುವುದು ಹೊಟ್ಟೆಯ ಸುದ್ದಿ. "ನಿಮ್ಮ ಕಾಕಾ ಉಂಡಿದ್ನೇನಪಾ?"

"ಹೂಂ. ಅಡಿಗಿ ಮಾಡೂ ಹಾಲವ್ವ ಮಗಳ ಊರಿಗೆ ಹೋಗ್ಯಾಳ. ನಾನ ಕೈಯಾರೆ ಎರಡು ರೊಟ್ಟಿ, ಮೊಸರು ಬಡಿಸೇನಿ. ಆಮ್ಯಾಲೆ ಅವರು ಬಾವಿಗೆ ಬಂದ್ರು, ನಾ ಸಂತಿಗೆ ಹೋದೆ. ಹತ್ತು ಮಂದಿ ನೋಡ್ಯಾರ ನನ್ನ."

"ಪುಣ್ಯಾತ್ಮ, ಉಂಡ ಹೋದ," ಎಂದು ರಹಿಮಾಬಿ ನಿಟ್ಟುಸಿರುಬಿಟ್ಟಳು. ಬಾವಿಯ ಪಕ್ಕದ ಕರಿಬಸಪ್ಪನ ಮನೆಯ ಅಂಗಳದಲ್ಲಿ ಪರಮೇಶಪ್ಪನ ಹೊಟ್ಟಿನ ಚಕ್ಕಡಿ ಹೊರಡಲು ಎತ್ತು ಹೂಡಿಯೇ ನಿಂತದ್ದನ್ನು ಅನ್ನವ್ವ ಕಣ್ಸನ್ನೆಯಲ್ಲೇ ತೋರಿಸಿದಳು.

ರಹಿಮಾಬಿ ಹಿರಿಯರನ್ನೂ ಕೇರಿಯವರನ್ನೂ ಫೌಜದಾರನನ್ನೂ ಬಾವಿಯ ಬಳಿಗೇ ಕರೆಸಿದಳು.

"ಸಾಹೇಬ್ರ, ಈ ಬಾವೀಗೆ ಕೇರಿ ಮಂದಿ ಹಗ್ಗ ಇಳಿಸೂಹಂಗಿಲ್ಲ. ಕೊಡ ಇಟ್ಟು ದೂರ ನಿಲ್ಲಬೇಕು. ಹನ್ನೆರಡು ವರ್ಷ ಕರಿಬಸಪ್ಪ ತಾನ ಸೇದಿ ಈ ಆರು ಕೊಡ ತುಂಬಿಸ್ಯಾನ. ಕೊಡ ತುಂಬಿದ ಮ್ಯಾಲೆ ಲಿಂಗಪೂಜಿ, ಪೂಜಿ ಆದ ಮ್ಯಾಲೆ ಊಟ. ಹೌದಲ್ಲೋ ಶಂಕ್ರಪ್ಪಾ?"

ಊರಿನ ಹಿರಿಯ ಶಂಕ್ರಪ್ಪ ಮುಖ ತಿರುವಿದ. "ಹೌದು. ಹುಚ್ಚ ಇದ್ದ."

"ಇವತ್ತೊಂದಿನ ತಪ್ಪಿಸಿರಬಹುದಲ್ಲ?" ಎಂದ ಫೌಜದಾರ.

"ಹೆಂಡ್ತಿ ಸತ್ತ ದಿನ ಹೆಣ ಪಡಸಾಲಿಯೊಳಗ ಇಟ್ಟು ಬಂದು ಇವನ್ನ ತುಂಬಿದವ ಆತ. ಹೆಣ ತೊಳೆದಾಕಿ ನಾನ, ಕಾಯ್ಕೊಂತ ಕುಂತಿದ್ದೆ. ಅಂಥವ ಇವತ್ತ ಎರಡು ರೊಟ್ಟಿ ಉಂಡು ಬಂದ್ನಂತ. ಉಂಡಿದ್ರ ಆರೂ ಕೊಡ ತುಂಬಿರಬೇಕಿತ್ತು. ಆರೂ ಒಣಗ್ಯಾವ. ಅಂದ್ರ ಆತ ಉಂಡಿಲ್ಲ. ನಸುಕಿನ್ಯಾಗ, ಮೊದಲನೇ ಕೊಡ ಸೇದೂಕಿಂತ ಮೊದ್ಲ ಸತ್ತಾನ. ಸಂತಿ ಆವಾಗಿನ್ನೂ ನೆರೆದಿರಲಿಲ್ಲ. ಇಲ್ಲದ ಊಟ ಬಡಿಸಿದವ ಯಾಕ ಸುಳ್ಳು ಹೇಳಿದ?"

ಪರಮೇಶಪ್ಪ ಚಕ್ಕಡಿಯ ಕಡೆ ಒಂದು ಹೆಜ್ಜೆ ಸರಿದ.

"ಕಾಕಾನ ಬೆನ್ನ ಹಿಂದ ನಿಂತು ತಾಮ್ರದ ಕೊಡದಲೇ ಹೊಡದಿ. ಕೊಡ ತಗ್ಗು ಬಿತ್ತು, ರಕ್ತ ಹತ್ತಿತು. ಅದನ್ನ ಬಿಚ್ಚಿ ಮುಚ್ಚಿಟ್ಟಿ, ಅದರ ಜಾಗಾಕ್ಕ ಕೇರಿ ಕೊಡ ಕಟ್ಟಿದಿ. ಆದ್ರ ನಿಮ್ಮ ಕಾಕಾ ಎಂಥಾ ಮನುಷ್ಯ ಅಂತ ನಿನಗ ಗೊತ್ತಿರಲಿಲ್ಲ ನೋಡು. ಸಾಹೇಬ್ರ, ಚಕ್ಕಡಿ ಹೊಟ್ಟು ಸುರುವಿಸ್ರಿ."

ಹೊಟ್ಟು ಸುರಿಯಿತು. ಹಿಂದೆಯೇ ತಾಮ್ರದ ಕೊಡ ಉರುಳಿತು. ಕೊಡದ ಹೊಟ್ಟೆ ತಗ್ಗಾಗಿತ್ತು, ಅಂಚಿನಲ್ಲಿ ನರೆಗೂದಲು ಅಂಟಿತ್ತು.

"ಬರೂ ಸೋಮವಾರ ಹಗ್ಗ ಈ ಕೇರಿ ಮಂದಿ ಕೈಗೆ ಕೊಡ್ತೀನಂದ ಕಾಕಾ!" ಪರಮೇಶಪ್ಪ ಕಿರುಚಿದ. "ಇವರು ಸೇದಿದ ಬಾವಿ ಮನಿಗೆ ಹೆಣ್ಣು ಕೊಡೂದಿಲ್ಲಂತ ಬೀಗರು ಹೇಳಿ ಕಳಿಸಿದ್ರು. ನಾ ಏನ್ ಮಾಡ್ಲಿ?"

ಉಡಚಪ್ಪನ ಬೇಡಿ ಬಿಚ್ಚಿ ಪರಮೇಶಪ್ಪನಿಗೆ ಹಾಕಿದರು. ಫೌಜದಾರ ಆತನನ್ನು ಕರೆದುಕೊಂಡು ಹಾನಗಲ್ಲಿಗೆ ಹೊರಟ. ಕೇರಿಯವರು ಹೋಗಲಿಲ್ಲ. ತಮ್ಮ ಕೊಡಗಳ ಹಿಂದೆ ನಿಂತೇ ಇದ್ದರು.

"ಇನ್ನ್ಯಾಕ ನಿಂತೀರಿ?" ಎಂದ ಶಂಕ್ರಪ್ಪ. "ಕಾಗದಿಲ್ಲ, ಪತ್ರಿಲ್ಲ. ಸತ್ತವನ ಮಾತು ಸತ್ತವನ ಜೋಡಿ ಹೋತು. ಮುಳ್ಳು ತರ್ರೋ, ಬಾವಿ ಮುಚ್ಚೂಣು."

"ಕೂಸು ಮುಂಜಾನಿಯಿಂದ ಕೆಸರು ಸೋಸಿದ ನೀರು ಕುಡಿಯಾಕತ್ತೈತ್ರಿ ಯಪ್ಪಾ," ಎಂದಳು ಚೌಡವ್ವ.

ರಹಿಮಾಬಿ ಕಟ್ಟೆಯ ಮೇಲೆ ಕುಸಿದು ಕುಳಿತಳು. "ಮುದುಕನ ಗುಣ ಒಂದು ಜೀವ ಉಳಿಸ್ತು ಅನ್ನವ್ವಾ. ಆದ್ರ ಹನ್ನೆರಡು ವರ್ಷ ನೀರು ಹಾಕಿದ, ಹಗ್ಗ ಮಾತ್ರ ತನ್ನ ಕೈಯಾಗ ಇಟ್ಕೊಂಡ. ಒಂದು ಸೋಮವಾರ ಮೊದ್ಲ ಕೊಟ್ಟಿದ್ರ..."

ಅನ್ನವ್ವ ಚೀಲ ಕೆಳಗಿಟ್ಟಳು. ಊರೊಳಗೆ ಹುಟ್ಟಿ, ಈ ಬಾವಿಯ ನೀರನ್ನೇ ತಡೆಯಿಲ್ಲದೆ ಸೇದಿ ಕುಡಿದು ಬೆಳೆದ ಮೈ ತನ್ನದು. ಕಟ್ಟೆ ಹತ್ತಿ ಹಗ್ಗದ ತುದಿ ಹಿಡಿದಳು. ಅದಕ್ಕೆ ಚೌಡವ್ವನ ಮನೆಯ ಕೊಡ ಇನ್ನೂ ಕಟ್ಟಿಯೇ ಇತ್ತು. ಚೌಡವ್ವ ರೂಢಿಯಂತೆ ಹಿಂದೆ ಸರಿದಳು.

"ಹಿಂದ ಸರೀಬ್ಯಾಡ. ನಾ ಸೇದಿ ಹಾಕೂದಿಲ್ಲ. ಬಾ, ಹಗ್ಗ ನೀನ ಹಿಡಿ," ಎಂದಳು ಅನ್ನವ್ವ.

"ಏ ಮುಂಡೇ!" ಶಂಕ್ರಪ್ಪ ಕಲ್ಲಿಗೆ ಬಾಗಿದ.

ಚೌಡವ್ವ ಗಂಡನ ಮುಖ ನೋಡಿದಳು. ಆಮೇಲೆ ಕಟ್ಟೆ ಏರಿದಳು. ಗಡಗಡೆ ಕಿರುಗುಟ್ಟಿತು. ಮೊದಲ ಕಲ್ಲು ಅನ್ನವ್ವನ ಭುಜಕ್ಕೆ ಬಿತ್ತು. ಎರಡನೆಯದು ಚೌಡವ್ವನ ಹಣೆಗೆ. ಇಬ್ಬರೂ ಹಗ್ಗ ಬಿಡಲಿಲ್ಲ. ಕೆಳಗೆ, ಕತ್ತಲೆಯಲ್ಲಿ, ಮಣ್ಣಿನ ಕೊಡ ನೀರು ಮುಟ್ಟಿದ ಸದ್ದು ಎಲ್ಲರಿಗೂ ಕೇಳಿಸಿತು.