‘ತೆಮ್’ ಅಲ್ಲ, ‘ತೆ-ಮೆ’

“ಪಾರ್ಲೆಂಟ್!”

ಅವಳು ಓದಿದ ರಭಸಕ್ಕೆ ಫ್ರೆಂಚ್ ತರಗತಿಯೇ ನಕ್ಕಿತು.

“ಕೊನೆಯ ಇ-ಎನ್-ಟಿ ನುಂಗಿಬಿಡಿ. ಬರೀ ‘ಪಾರ್ಲ್’. ಒಂದೇ ತುಂಡು,” ಎಂದ ಹೊಸ ಶಿಕ್ಷಕ.

“ಬರೆದಿದ್ದನ್ನ ಓದಿದ್ರೂ ತಪ್ಪಾ ಮೇಷ್ಟ್ರೇ? ಹಾಗಾದ್ರೆ ಬರೆಯೋದ್ಯಾಕೆ!”

ಈಗ ಅವನೂ ನಕ್ಕ. ಅವಳ ಎದೆ ಝಲ್ಲೆಂದಿತು...

ಅವಳು ನರ್ಸ್. ಫ್ರೆಂಚ್ ಮೌಖಿಕ ಪರೀಕ್ಷೆ ಪಾಸಾದರೆ ಪರದೇಶದ ಆಸ್ಪತ್ರೆಯಲ್ಲಿ ಕೆಲಸ. ಡ್ಯೂಟಿ ಮುಗಿಸಿ ಓಡಿ ಬರುತ್ತಿದ್ದಳು. ಅವನು ಕ್ರಿಯಾಪದಗಳನ್ನು ತುಂಡು ಮಾಡಿ, ತುಂಡಿಗೊಮ್ಮೆ ಮೇಜು ತಟ್ಟುತ್ತಾ ಹೇಳಿಸುತ್ತಿದ್ದ. ಯಾವಾಗ ಮನಸ್ಸು ಕೊಟ್ಟಳೋ ಅವಳಿಗೇ ತಿಳಿಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಸಿಬ್ಬಂದಿ ಕೋಣೆಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಒಳಗೆ ಅವನು ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದ, “ಜ ತೆಮೆ...”

ನಿನ್ನನ್ನು ಪ್ರೀತಿಸುತ್ತೇನೆ! ಯಾರಿಗೆ?

ಅವಳು ತಿರುಗಿ ಹೊರಟಳು. ಅವನ ಒಂದು ಕರೆಯನ್ನೂ ಎತ್ತಲಿಲ್ಲ.

ಮರುದಿನ ಪರೀಕ್ಷಾ ಕೋಣೆಯ ಹೊರಗೆ ಅವನೇ ಅಡ್ಡ ಬಂದ.

“ಏನಾಯ್ತು? ನನ್ನ ಮುಖಾನೂ ನೋಡಲ್ವಾ?”

“ಪ್ರೀತಿಸೋರು ಫೋನಲ್ಲಿದ್ದಾರಲ್ಲ, ಅವರ ಮುಖ ನೋಡ್ಕೊಳ್ಳಿ!”

ಅವನ ಮುಖ ಬಿಳುಚಿತು. “ಏನು ಕೇಳಿಸ್ಕೊಂಡ್ರಿ? ಹಾಗೇ ಹೇಳಿ.”

“ಜ ತೆ...ಮೆ.”

“ತುಂಡು ಮಾಡಿ.”

“ಈಗಲೂ ಪಾಠಾನಾ?” ಕಣ್ಣು ತುಂಬಿ ಬಂತು. “ತೆ... ಮೆ. ಎರಡು.”

“ಪ್ರೀತಿಸ್ತೀನಿ ಅನ್ನೋದಕ್ಕೆ?”

“ತೆಮ್. ಒಂದೇ...” ಅವಳ ಮಾತು ಅಲ್ಲೇ ನಿಂತಿತು. ಎರಡು ತುಂಡಾದರೆ ಅದು ಭೂತಕಾಲ. ಪ್ರೀತಿಸುತ್ತಿದ್ದೆ!

“ಪರದೇಶದಲ್ಲಿ ಫ್ರೆಂಚ್ ಓದುವಾಗ ಪರಿಚಯವಾದವಳು. ಬಿಟ್ಟುಹೋಗಿದ್ಲು. ಈಗ ಮತ್ತೆ ಬರ್ತೀನಿ ಅಂದ್ಲು. ಪ್ರೀತಿಸ್ತಿದ್ದೆ, ಈಗಿಲ್ಲ ಅಂದೆ.”

ಒಳಗಿನಿಂದ ಅವಳಿಗೆ ಕರೆ ಬಂತು. ಕಣ್ಣೊರೆಸಿಕೊಂಡು ಒಳಹೋದಳು. ಬಾಗಿಲು ಮುಚ್ಚಿತು.

ಅವಳು ಹೊರಬಂದಾಗ ಅವನು ಅದೇ ಗೋಡೆಗೆ ಒರಗಿ ನಿಂತಿದ್ದ.

“ಪಾಸಾದೆ.”

“ಗೊತ್ತಿತ್ತು. ಫೇಲಾಗ್ಲಿ ಅಂತ ಆಸೆಪಡೋಕೂ ಆಗ್ಲಿಲ್ಲ... ಕಲಿಸಿದ್ದು ನಾನೇ ಅಲ್ವಾ.”

“ನಾನು ಅಷ್ಟು ದೂರ ಹೋದ್ರೆ... ಕಾಯ್ತೀರಾ?”

“ಕಾಯಲ್ಲ.”

ಅವಳು ಬ್ಯಾಗು ಹೆಗಲಿಗೇರಿಸಿ ತಿರುಗಿದಳು.

“ಜೊತೆಗೇ ಬರ್ತೀನಿ. ಎಲ್ಲಾದ್ರೂ ಪಾಠ ಹೇಳಿ ಬದುಕ್ತೀನಿ. ಸಂಜೆ ನಿಮ್ಮಮ್ಮನ್ನ ಕೇಳ್ಲಾ?”

“ಅಮ್ಮನ್ನ ಆಮೇಲೆ ಕೇಳಿ. ಮೊದಲು ನನ್ನನ್ನ ಕೇಳಿ!”

ಅವನು ಹತ್ತಿರ ಬಂದ. ಇಷ್ಟು ದಿನದ ‘ನೀವು’ ಅವನ ಬಾಯಲ್ಲಿ ‘ನೀನು’ ಆಗಿತ್ತು.

“ನನ್ನ ಮದುವೆ ಆಗ್ತೀಯಾ?”

ಅಳುತ್ತಲೇ ನಕ್ಕಳು ಅವಳು.

“ಆಗ್ತೀನಿ ಕಣೋ...”