ಕಂಚಿನ ನಾಣ್ಯದ ಮೇಲಿನ ಮುಖ

ಬಹಳ ಬಹಳ ಹಿಂದೆ, ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲ ದಂಡೆಯಲ್ಲಿ ಹವಳನಾಡು ಎಂಬ ರಾಜ್ಯವಿತ್ತು. ಅಲ್ಲಿಗೆ ಕಂಚುಗಣ್ಣ ಎಂಬ ಮಾಂತ್ರಿಕ ಬಂದ. ಕಿಲುಬು ಹಿಡಿದ ಒಂದು ನಾಣ್ಯ ತೋರಿಸಿ, "ಇದರ ಮೇಲಿರುವ ರಾಜ ಯಾರು? ಸರಿಯಾಗಿ ಹೇಳುವವರೆಗೆ ಈ ನಾಡು ನನ್ನದು. ತಪ್ಪು ಹೇಳಿದವರು ಕಂಚಾಗುತ್ತಾರೆ" ಎಂದ.

ಅರಸ ಒಂದು ಹೆಸರು ಹೇಳಿ ಕಂಚಾದ. ಸೇನಾಪತಿ ಇನ್ನೊಂದು ಹೆಸರು ಹೇಳಿ ಕಂಚಾದ. ಹಡಗು ಕಟ್ಟುವ ಬೀರಣನೂ ಕಂಚಾದ.

ಬೀರಣನ ತಂಗಿ ಕೇತಲೆ ಅಣ್ಣನ ತಣ್ಣನೆಯ ಕೈ ಮುಟ್ಟಿ ನೋಡಿದಳು. ಆಮೇಲೆ ಮಾಂತ್ರಿಕನತ್ತ ತಿರುಗಿ, "ನಾಣ್ಯ ಕೊಡು. ನೋಡದೆ ಹೇಳಲು ನಾನೇನು ಹುಚ್ಚಿಯೇ?" ಎಂದಳು.

ಅವನು ನಕ್ಕು ಕೊಟ್ಟ. "ಹುಣ್ಣಿಮೆಯೊಳಗೆ ಬಾ. ಇಲ್ಲದಿದ್ದರೆ ಊರೆಲ್ಲ ಕಂಚು!"

"ಹುಣಸೆಹಣ್ಣು ಹಚ್ಚಿ ತಿಕ್ಕೇ, ಫಳಫಳ ಹೊಳೆಯುತ್ತೆ" ಎಂದಳು ಮನೆಯಲ್ಲಿದ್ದ ಸೋದರತ್ತೆ.

"ಬೇಡತ್ತೆ. ಕಿಲುಬಿನ ಜತೆ ಮುಖವೂ ಹೋದೀತು."

ಕೇತಲೆ ನಾಣ್ಯವನ್ನು ಎಣ್ಣೆಯಲ್ಲಿ ನೆನೆಸಿ, ಜಾಲಿಮುಳ್ಳಿನ ತುದಿಯಿಂದ ಚೂರುಚೂರೇ ಕೆರೆದಳು. ಬೆರಳು ಹುಣ್ಣಾದರೂ ಬಿಡಲಿಲ್ಲ. ಕೊನೆಗೆ ಒಂದು ಕಡೆ ಶಿರಸ್ತ್ರಾಣ ತೊಟ್ಟ ಮುಖ ಕಂಡಿತು. ಇನ್ನೊಂದು ಕಡೆ ತಾಯಿತೋಳ, ಅದರ ಕೆಚ್ಚಲಿಗೆ ಬಾಯಿಟ್ಟ ಎರಡು ಮನುಷ್ಯ ಶಿಶುಗಳು!

ತೋಳದ ಕತೆ ತೋಳವನ್ನೇ ಕೇಳಬೇಕೆಂದು ಅವಳು ಕರಿಗುಡ್ಡ ಹತ್ತಿದಳು. ಗುಹೆಯ ಮುಂದೆ ತಾಯಿತೋಳ ಗುರುಗುಟ್ಟಿತು. "ನಾನು ಬೇಟೆಯಾಡಿ ಬರುವವರೆಗೆ ನನ್ನ ಮರಿಗಳನ್ನು ಕಾಯಿ. ಆಮೇಲೆ ಮಾತು."

ಹದ್ದು ಬಂತು, ಕಲ್ಲು ಬೀಸಿ ಓಡಿಸಿದಳು. ಹೆಬ್ಬಾವು ಬಂತು, ಕೊಳ್ಳಿ ಹಿಡಿದು ಅಟ್ಟಿದಳು. ಆಲಿಕಲ್ಲಿನ ಮಳೆ ಬಂತು. ಮರಿಗಳನ್ನು ಮಡಿಲಲ್ಲಿ ಮುಚ್ಚಿಕೊಂಡು ಬೆನ್ನೊಡ್ಡಿ ಕೂತಳು.

ತೋಳ ಮರಳಿ ಬಂದು, ಮರಿಗಳನ್ನು ಮೂಸಿ, ನಾಣ್ಯ ನೋಡಿತು. "ಇವಳು ನಮ್ಮ ಕುಲದಜ್ಜಿ. ಹೊಳೆಯಲ್ಲಿ ತೇಲಿಬಂದ ಈ ಶಿಶುಗಳಿಗೆ ಹಾಲೂಡಿದಳು. ಅವರಲ್ಲೊಬ್ಬ ರೋಮಾಪುರಿ ಕಟ್ಟಿದ."

"ಹಾಗಾದರೆ ಈ ಮುಖ ಅವನದೇ?"

"ಗಂಡಸಿನ ಮುಖವೇ ಅದು? ಸರಿಯಾಗಿ ನೋಡು. ಅಲ್ಲಿಯವರು ಊರನ್ನೇ ತಾಯಿ ಅನ್ನುತ್ತಾರೆ."

ಕೇತಲೆ ನೋಡಿದಳು. ಗಡ್ಡವಿಲ್ಲ, ಮೀಸೆಯಿಲ್ಲ, ಕೊರಳಲ್ಲಿ ಹಾರ. ಅವಳು ಒಂದೇ ಉಸಿರಿಗೆ ಗುಡ್ಡ ಇಳಿದು ಅರಮನೆಗೆ ಬಂದಳು.

"ಯಾವ ರಾಜ?" ಎಂದ ಕಂಚುಗಣ್ಣ.

"ರಾಜ ಅಲ್ಲ."

ಅವನು ಮಂತ್ರ ಊದಿದ. ಅವಳ ಪಾದ ಕಂಚಾಯಿತು. "ಯಾವ ರಾಜ?"

"ರಾಜ ಅಲ್ಲ."

ಸೊಂಟದವರೆಗೆ ಕಂಚಾಯಿತು. ಮಾಂತ್ರಿಕ ಬೆವತಿದ್ದ. "ಯಾರಾದರೊಬ್ಬ ರಾಜನ ಹೆಸರು ಹೇಳಿಬಿಡು, ನಿನ್ನಣ್ಣನನ್ನು ಬಿಡುತ್ತೇನೆ!"

ಕೇತಲೆ ಅಣ್ಣನ ಕಡೆ ನೋಡಿದಳು. ಆದರೂ ಅವಳ ಮನಸ್ಸು ಕದಲಲಿಲ್ಲ. "ಇಲ್ಲದ ರಾಜನನ್ನು ಎಲ್ಲಿಂದ ತರಲಿ? ಇವಳು ರೋಮಾಪುರಿ! ಊರೇ ತಾಯಾಗಿ ನಿಂತಿದ್ದಾಳೆ!"

ಕಂಚುಗಣ್ಣ ಚೀರಿದ. ಅವನ ಮೈ ಕರಗಿ, ಮೆಟ್ಟಿಲಿಳಿದು, ಕಡಲಿಗೆ ಹರಿದುಹೋಯಿತು. ಕೇತಲೆಯ ಕಾಲಿಗೆ ಜೀವ ಬಂತು, ಅರಸ ಕಣ್ಣು ಬಿಟ್ಟ, ಸೇನಾಪತಿ ಕೆಮ್ಮಿದ. ಬೀರಣ ಮೈಮುರಿದು, "ಯಾಕೇ ಇಷ್ಟು ಸೊರಗಿದ್ದೀ?" ಎಂದ. ಕೇತಲೆ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಹವಳನಾಡಿನಲ್ಲಿ ಹಡಗುಗಳು ನೀರಿಗಿಳಿದವು, ಮನೆಮನೆಯ ಒಲೆ ಹೊತ್ತಿಕೊಂಡಿತು. ಅವರೆಲ್ಲ ಉಂಡುಟ್ಟು ಸುಖವಾಗಿದ್ದರು. ಕೇಳಿದ ನಾವೂ ಹಾಗೇ ಇರೋಣ.