ಚೆಲ್ವಿಯ ಬದಲಿ

ನವೆಂಬರ್ ಅರ್ಧ ಕಳೆದಿತ್ತು. ಉದುರಿದ ಮೇಪಲ್ ಎಲೆಗಳು ಮ್ಯೂಸಿಯಂನ ಹಿಂಬಾಗಿಲ ಮೆಟ್ಟಿಲಿಗೆ ಕೊಳೆತು ಅಂಟಿಕೊಂಡಿದ್ದವು. ಕೆಳಗೆ ನೆಲಮಾಳಿಗೆಯಲ್ಲಿ ಬೆಳಗಿನಿಂದ ಕೆಲಸ ನಡೆದಿತ್ತು. ಮ್ಯೂಸಿಯಂನ ಹಿರಿಯ ಕೆಲಸಗಾರ್ತಿ ಲಿಲ್ಲಿ ಹಳೆಯ ಸರ್ಕಸ್ ಪೋಸ್ಟರುಗಳನ್ನು ಮೇಜಿನ ಮೇಲೆ ಹಾಸಿ ಮೆತ್ತನೆಯ ಬ್ರಶ್ಶಿನಿಂದ ಧೂಳು ಕೊಡವುತ್ತಿದ್ದರು. ಶಾಮಲಾ ಸ್ಪೂಲ್ ಟೇಪನ್ನು ಮೆಷೀನಿಗೆ ಸುತ್ತುತ್ತಿದ್ದಳು. ವಸಂತದಲ್ಲಿ ನಡೆಯಲಿದ್ದ ಸರ್ಕಸ್ ಇತಿಹಾಸದ ಪ್ರದರ್ಶನಕ್ಕೆ ಭಾರತದಿಂದ ಬಂದ ಮಾವುತರ ಕತೆ ಹುಡುಕಿಕೊಡುವುದು ಅವಳ ಪಾಲಿನ ಕೆಲಸ. ಬಹುಕಾಲ ಯಾವ ಭಾಷೆಯೆಂದೇ ತಿಳಿಯದೆ ಡಬ್ಬಿಯಲ್ಲಿ ಬಿದ್ದಿದ್ದ ಈ ಟೇಪು ಕನ್ನಡದ್ದು. ಕಾಕನಕೋಟೆ ಕಡೆಯ ಮಾವುತನೊಬ್ಬನ ಮಾತು.

“ಅದನ್ನು ಕೇಳ್ಲೇಬೇಕಾ ಮಾರಾಯ್ತಿ?” ಎಂದರು ಲಿಲ್ಲಿ, ಬ್ರಶ್ ನಿಲ್ಲಿಸಿ.

“ಅದಕ್ಕೇ ತಾನೇ ಬಂದಿರೋದು ಆಂಟಿ?”

“ಹಾಗಾದ್ರೆ ಬಾಯಿ ಮುಚ್ಚಿ ಕೇಳು. ಅವ ಏನು ಕೇಳಿದ್ರೂ ಹೂಂ ಅನ್ಬೇಡ.”

ಶಾಮಲಾ ನಕ್ಕಳು. “ಎಂದೋ ಸತ್ತೋನಿಗೆ ನನ್ನ ಹೂಂ ಕೇಳ್ಸುತ್ತಾ? ಸರಿ, ಬಾಯಿಗೆ ಪ್ಲಾಸ್ಟರ್ ಹಾಕ್ಕೋತೀನಿ, ಬಿಡಿ.”

“ನಮ್ಮ ಲಾಯ್ಡ್ ಕೂಡ ಹೀಗೇ ನಗಾಡಿದ್ದು.”

ಲಾಯ್ಡ್ ಲಿಲ್ಲಿಯ ಗಂಡ, ಇದೇ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದವರು. ಹೋದ ವರ್ಷ ತೀರಿಕೊಂಡವರು. ಹೃದಯಾಘಾತವೆಂದು ಶಾಮಲಾ ಕೇಳಿದ್ದಳು. ಪಾಪ, ಸಾವಿಗೆ ಏನಾದರೊಂದು ನೆಪ ಬೇಕಲ್ಲ ಎಂದುಕೊಂಡು ಹೆಡ್‌ಫೋನ್ ಏರಿಸಿದಳು. ಸಂಜೆಯೊಳಗೆ ಮುಗಿಸಿ ಹೊರಡಬೇಕಿತ್ತು. ಎಂಟು ತಿಂಗಳ ಮಗಳು ಜಾನಕಿ ಬಾಟಲಿ ಮುಟ್ಟುವುದಿಲ್ಲ. ತಾಯಿ ಬಂದು ತೊಡೆಯ ಮೇಲೆ ಹಾಕಿಕೊಂಡರೇ ಅವಳಿಗೆ ಹಾಲು.

ಟೇಪು ಸರಸರ ಎಂದಿತು. ಮಳೆಯ ಸದ್ದು, ಕೆಮ್ಮು. ಆಮೇಲೆ ಮಣ್ಣಿನಂಥ ದನಿ.

“ಕೇಳ್ತಾ ಇದೀಯಾ ಮಗಾ?”

ಎಷ್ಟು ಹತ್ತಿರದ ದನಿ! ಮೈಸೂರಿನ ಮನೆಯ ಜಗಲಿಯಲ್ಲಿ ಅಜ್ಜಿಯ ಪಕ್ಕ ಮಲಗಿ ಕತೆ ಕೇಳಿದವಳು ಅವಳು. ಹೂಂಗುಟ್ಟದಿದ್ದರೆ ಅಜ್ಜಿ ಕತೆ ಮುಂದುವರಿಸುತ್ತಿರಲಿಲ್ಲ. ಈ ಮಾವುತನೂ ಪ್ರತಿ ಮಾತಿಗೊಮ್ಮೆ ನಿಲ್ಲಿಸಿ ಕಾಯುತ್ತಿದ್ದ.

“ನಮ್ ಆನೆ ಚೆಲ್ವಿ ನಡೆದ್ರೆ ಕಾಡೇ ದಾರಿ ಬಿಡೋದು ಮಗಾ. ಅಂಥೋಳ್ನ ಹಡಗಲ್ಲಿ ತಂದು ಇಲ್ಲಿ ಕುಣಿಸಿದ್ರು.”

ಮೌನ.

“ಚಳಿಗಾಲ ಪೂರ್ತಿ ಕೊಟ್ಟಿಗೇಲಿ ಕಟ್ಟಾಕಿದ್ರು. ಮಲಗಾಕೂ ಸಾಲ್ದು ಸರಪಳಿ. ನಿಂತಲ್ಲೇ ತೂಗಿದ್ಲು. ತೂಗ್ತಾ ತೂಗ್ತಾನೇ ಸತ್ಲು.”

ಮೌನ. ಶಾಮಲಾಳ ಪೆನ್ನು ಓಡುತ್ತಿತ್ತು. ಗಂಟಲೊಳಗಿಂದ ಏನೋ ಸದ್ದು ಹೊರಡುತ್ತಿತ್ತು. ಅದು ಅವಳಿಗೆ ತಿಳಿಯಲಿಲ್ಲ.

“ಸತ್ತ ಮ್ಯಾಲೂ ಮಲಗ್ಲಿಲ್ಲ ಮಗಾ. ದಿನಾ ಬಂದು ನನ್ನ ಕಣ್ಮುಂದೆ ನಿಲ್ತಾಳೆ. ಸರಪಳಿ ತುಕ್ಕು, ಅವಳ ಬಾಲದ ಕೂದ್ಲು, ನನ್ನ ರಕ್ತ, ಎಲ್ಲಾ ಸೇರ್ಸಿ ಈ ಮಾತಿಗೆ ಮಾಟ ಕಟ್ಟಿದೀನಿ. ಅವಳ ಬದ್ಲು ಒಬ್ರು ನಿಂತ್ರೆ ಅವಳು ಮಲಗ್ತಾಳೆ. ನಿಲ್ತೀಯಾ?”

“ಹೂಂ.”

ತನ್ನ ದನಿ ತನಗೇ ಕೇಳಿಸಿತು.

ಲಿಲ್ಲಿಯ ಕೈಯಿಂದ ಬ್ರಶ್ ಜಾರಿತು. ಮೆಷೀನು ತಾನಾಗಿ ನಿಂತಿತು. ದೀಪ ಉರಿಯುತ್ತಿದ್ದರೂ ಕಪಾಟುಗಳ ನಡುವಿನ ಕತ್ತಲೆ ದಪ್ಪಗಾಯಿತು. ಒದ್ದೆ ಹುಲ್ಲು, ಲದ್ದಿ, ಕಬ್ಬಿಣದ ವಾಸನೆ. ಆ ಕತ್ತಲೆಯೊಳಗೆ ಸರಪಳಿ ಕಳಚಿತು. ಮಹಾ ಭಾರವೊಂದು ಮೊದಲು ಮುಂಗಾಲು ಮಡಚಿ, ಆಮೇಲೆ ಹಿಂಗಾಲು ಮಡಚಿ, ನೆಲ ಅದುರುವಂತೆ ಮಗ್ಗುಲಾಯಿತು. ದೀರ್ಘವಾದ ಉಸಿರು. ಬಿಸಿ ಗಾಳಿಗೆ ಪೋಸ್ಟರುಗಳು ಹಾರಿದವು.

ಶಾಮಲಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ. ಕೂರಲು ಹೋದಳು. ಮಂಡಿ ಮಡಚಲಿಲ್ಲ.

“ಆಂಟಿ...”

ಲಿಲ್ಲಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಅಳತೊಡಗಿದರು.

“ಲಾಯ್ಡ್ ಕೂಡ ಹೀಗೇ ನಿಂತದ್ದು. ನಿಂತೇ ಹೋದ್ರು. ಅವರು ಹೋದ ಮೇಲೆ ಆ ಚೆಲ್ವಿ ಪುನಃ ಎದ್ದು ನಿಂತಿದ್ದಳು.”

“ಬಿಡ್ಸೋಕೆ ಏನೂ ಇಲ್ವಾ?”

ಲಿಲ್ಲಿ ಬಿದ್ದ ಬ್ರಶ್ ಎತ್ತಿ ಮೇಜಿನ ಮೇಲಿಟ್ಟರು. “ಬೇರೆಯವರನ್ನು ಕೇಳ್ಬೇಕು. ಅವರು ನಿಲ್ತೇನೆ ಅಂದ್ರೆ ನಿನ್ನನ್ನು ಬಿಡ್ತದೆ. ಅದೂ ಆ ಟೇಪಿನಲ್ಲೇ ಉಂಟು. ಲಾಯ್ಡ್‌ಗೆ ಗೊತ್ತಿತ್ತು. ಕೇಳಿದ್ರೆ ನಾನು ನಿಲ್ತಿದ್ದೆ. ನನ್ನನ್ನು ಕೇಳ್ಲೇ ಇಲ್ಲ ಅವರು.”

ಕಾರಿನಲ್ಲಿ ಕೂರುವಂತಿರಲಿಲ್ಲ. ಮ್ಯೂಸಿಯಂ ಇದ್ದ ಲಿನ್‌ವುಡ್‌ನಿಂದ ಮನೆಯಿದ್ದ ಟೋಟೆಮ್ ಲೇಕ್‌ವರೆಗೆ ಬಸ್ಸಿನಲ್ಲಿ ನಿಂತೇ ಬಂದಳು. ಸೀಟುಗಳು ಖಾಲಿ ಇದ್ದವು. ಯಾರೂ ಅವಳನ್ನು ಗಮನಿಸಲಿಲ್ಲ.

ಮಗುವನ್ನು ಎತ್ತಿಕೊಂಡಾಗ ಮೈ ತಾನಾಗಿ ತೂಗತೊಡಗಿತು. ಎಡಕ್ಕೆ, ಬಲಕ್ಕೆ. ಜಾನಕಿ ಎದೆಗೊರಗಿ ಹಾಲು ಕುಡಿಯುತ್ತಲೇ ನಿದ್ದೆ ಹೋದಳು.

“ಅಬ್ಬಾ, ತೊಟ್ಟಿಲೇ ಬೇಡ ನಮ್ಮನೇಲಿ!” ಎಂದ ಗಂಡ ಸುಮುಖ್, ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿ.

ಮಗುವನ್ನು ಮಲಗಿಸಿದ ಮೇಲೂ ತೂಗಾಟ ನಿಲ್ಲಲಿಲ್ಲ. ಡಾಕ್ಟರು ರಕ್ತ ನೋಡಿದರು, ಎಕ್ಸ್‌ರೇ ತೆಗೆಸಿದರು. ಏನೂ ಸಿಗಲಿಲ್ಲ. ಮಂಡಿ ಮಡಚಲು ಸುಮುಖ್ ಒತ್ತಿ ನೋಡಿದ. ಕಬ್ಬಿಣದ ಕಂಬವನ್ನು ಒತ್ತಿದಂತಿತ್ತು. ಅವಳು ಟೇಪಿನ ವಿಷಯ ಹೇಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ಪಾದದ ಸುತ್ತ ತಣ್ಣನೆಯದೇನೋ ಬಿಗಿಯುತ್ತಿತ್ತು. ಕಾಲು ಊದಿ ಚರ್ಮ ಒಡೆಯಿತು. ಮನೆಯೆಲ್ಲ ಲದ್ದಿಯ ನಾತ. ಸುಮುಖ್‌ಗೆ ಆ ವಾಸನೆ ಬಡಿಯಲೇ ಇಲ್ಲ.

ಲಾಯ್ಡ್ ಕೇಳಲಿಲ್ಲ. ನಾನೂ ಕೇಳುವುದಿಲ್ಲ. ಹಾಗೆಂದು ಹಲ್ಲು ಕಚ್ಚಿಕೊಂಡೇ ಒಂದು ವಾರ ತಳ್ಳಿದಳು.

ಆ ಮಧ್ಯಾಹ್ನ ತೋಳು ಸೋತಿತು. ಹಾಲು ಕುಡಿಯುತ್ತಿದ್ದ ಮಗು ಜಾರಿತು. ಬಗ್ಗಿ ಹಿಡಿಯಲಾಗಲಿಲ್ಲ. ಓಡಿ ಬಂದ ಸುಮುಖ್ ನೆಲ ಮುಟ್ಟುವ ಮೊದಲು ಹಿಡಿದ. ಮಗು ಕಿರುಚಿತು. ಅವನು ಅದನ್ನು ಎದೆಗವಚಿಕೊಂಡ.

“ಸಾಕು ಕಣೇ ಶಾಮೂ. ಹೇಗಾದ್ರೂ ಕೂತ್ಕೋ. ನಿನ್ನ ಈ ನೋವು ನಂಗಾದ್ರೂ ಬರಬಾರ್ದಾ?”

ಶಾಮಲಾ ಅವನ ಮುಖ ನೋಡಿದಳು. ಅಳುವ ಮಗುವನ್ನು ನೋಡಿದಳು. ಕೇಳಬಾರದು. ಕೇಳಬಾರದು. ಎಡಕ್ಕೆ. ಬಲಕ್ಕೆ. ಎಡಕ್ಕೆ.

“ನನ್ನ ಬದ್ಲು ನಿಲ್ತೀಯಾ ಸುಮುಖ್?”

“ನಿಲ್ದೇ ಏನು? ನಿಲ್ತೀನಿ ಕಣೇ.”

ಅವಳ ಮಂಡಿ ಮಡಚಿತು.

ಸೋಫಾದ ಮೇಲೆ ಕುಸಿದು ಕೂತಳು. ಎರಡು ತೋಳು ಚಾಚಿದಳು. ಸುಮುಖ್ ನಗುತ್ತಾ ಮಗುವನ್ನು ಅವಳ ತೊಡೆಯ ಮೇಲಿಟ್ಟ. “ನೋಡ್ದಾ, ಕೂತೇಬಿಟ್ಟೆ!” ಎಂದ. ಪಕ್ಕದಲ್ಲಿ ಕೂರಲು ಹೋದವನು ನಿಂತೇ ಉಳಿದ.

“ಶಾಮೂ... ಇದೇನಿದು, ವಾಸನೆ?”

ಜಾನಕಿ ಅಳು ನಿಲ್ಲಿಸಿ ಹಾಲಿಗೆ ಬಾಯಿಟ್ಟಳು. ಶಾಮಲಾ ಮಗುವಿನ ಹಣೆಯ ಕೂದಲನ್ನು ಹಿಂದಕ್ಕೆ ಸವರಿದಳು, ಮತ್ತೆ ಸವರಿದಳು. ಅವನು ಇನ್ನೊಮ್ಮೆ ಅವಳ ಹೆಸರು ಕರೆದ. ಅವಳು ತಲೆ ಎತ್ತಲಿಲ್ಲ. ಎದುರಿಗೆ ಮರದ ನೆಲ ಒಂದು ಕಡೆ ಕಿರುಗುಟ್ಟಿತು, ಆಮೇಲೆ ಇನ್ನೊಂದು ಕಡೆ.